ದಾನವೋ, ಪಾಲೋ?

ಶಿವಮೊಗ್ಗೆಯ ಗೋಪಾಳದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಯಜಮಾನರೊಬ್ಬರು ವಾಸವಾಗಿದ್ದಾರೆ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಮಿಕ್ಕು ದುಡಿದು ಬಂದವರು. ಸಂಜೆಯ ಹೊತ್ತು ಅವರ ಜಗಲಿಯಲ್ಲಿ ನಾಲ್ಕಾರು ಮಂದಿ ಗೃಹಸ್ಥರು ಸೇರುವುದುಂಟು. ಮಾತು ಮಳೆಯಿಂದ ತೊಡಗಿ, ಅಡಕೆಯ ಧಾರಣೆಗೆ ಹೋಗಿ, ಕೊನೆಗೆ ಸರ್ಕಾರದವರು ಪುಕ್ಕಟೆಯಾಗಿ ಕೊಡುವ ಪದಾರ್ಥಗಳ ಮೇಲೆ ಬಂದು ನಿಲ್ಲುವುದು ವಾಡಿಕೆ. 2024ರ ಜನವರಿ 12ರಂದು ಯುವನಿಧಿ ಯೋಜನೆಯು ನಮ್ಮ ಊರಿನಲ್ಲಿಯೇ ಆರಂಭವಾದಾಗಲಂತೂ ಜಗಲಿಯ ಕಾಫಿ ಆರಿಹೋದರೂ ವಾದ ಆರಲಿಲ್ಲ. “ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಔಷಧ ಪುಕ್ಕಟೆ. ದುಡಿದವನು ಕಟ್ಟುವುದು, ಕೂತವನು ಉಣ್ಣುವುದು. ಇದು ಯಾವ ನ್ಯಾಯ ಸ್ವಾಮಿ?” ಎಂದು ಯಜಮಾನರು ಕೇಳುವರು. ನಾವು ಆಗ ಉತ್ತರ ಹೇಳದೆ ಎದ್ದು ಬಂದೆವು. ಆ ಪ್ರಶ್ನೆ ಮಾತ್ರ ನಮ್ಮ ಜೊತೆಯಲ್ಲಿಯೇ ಎದ್ದು ಬಂದಿತು.

ಯಜಮಾನರ ಮಾತಿನ ಹಿಂದೆ ಭದ್ರಾವತಿ ಇದೆ. ಅದನ್ನು ಅರಿಯದೆ ಅವರ ಕೋಪವನ್ನು ಅರಿಯುವಂತಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆಯೂ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಆ ಊರಿಗೆ ಕೂಲಿಯನ್ನಷ್ಟೇ ತರಲಿಲ್ಲ. ವಸತಿ, ಶಾಲೆ, ಆಸ್ಪತ್ರೆ ಇವೆಲ್ಲವೂ ಕಾರ್ಖಾನೆಯ ಬೆನ್ನಿಗೆ ಬಂದವು. ಮಗುವಿಗೆ ಜ್ವರ ಬಂದರೆ ತಾಯಿಯು ಕಂಪನಿಯ ಆಸ್ಪತ್ರೆಗೆ ನಡೆದುಹೋಗುತ್ತಿದ್ದಳು. ಅದನ್ನು ಯಾರೂ ಭಿಕ್ಷೆಯೆಂದು ಕರೆದವರಿಲ್ಲ. ಸಂಬಳದ ಒಂದು ಭಾಗವು ರೊಕ್ಕವಾಗಿ ಬಾರದೆ ಔಷಧವಾಗಿ ಬಂದಿತು, ಅಷ್ಟೆ. ಕಾಲಕ್ರಮದಲ್ಲಿ ಖಾಯಂ ಕೆಲಸಗಾರರ ಸಂಖ್ಯೆ ಇಳಿಯಿತು, ಗುತ್ತಿಗೆಯವರು ಬಂದರು. 2015ರಲ್ಲಿ ಕಾಗದದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದು, ಕಾರ್ಮಿಕರು ಬೀದಿಗಿಳಿದ ಮೇಲೆ ಅದೇ ವರ್ಷದ ಆಗಸ್ಟಿನಲ್ಲಿ ಒಂದು ವಿಭಾಗದಲ್ಲಿ ಯಂತ್ರಗಳು ಮರಳಿ ತಿರುಗಿದವು. ನಮ್ಮ ಯಜಮಾನರು ಕೈಗೆ ಬಂದ ಹಣವನ್ನೆಲ್ಲ ಗೋಪಾಳದ ಮೂವತ್ತು-ನಲವತ್ತರ ನಿವೇಶನದ ಮೇಲೆ ಸುರಿದು ತಾರಸಿಯ ಮನೆ ಕಟ್ಟಿದರು. ಮನೆ ಎದ್ದಿತು, ಔಷಧದ ಭರವಸೆ ಭದ್ರಾವತಿಯಲ್ಲಿಯೇ ಉಳಿಯಿತು.

ಹೋದ ವರ್ಷ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಆಗ ಮನೆಯವರೆಲ್ಲ ಮೊದಲು ಹುಡುಕಿದ್ದು ರೇಷನ್ ಕಾರ್ಡನ್ನು. ವಾಚಕರಲ್ಲಿ ಎಷ್ಟೋ ಮಂದಿಗೆ ಈ ಏರ್ಪಾಟು ತಿಳಿದೇ ಇರಬಹುದು; ಆದರೂ ವಿವರಿಸುವುದು ಒಳಿತು. 2018ರ ಮಾರ್ಚಿಯಲ್ಲಿ ಆರಂಭವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಬೆರೆತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಸಂಸಾರಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕಾರ್ಡಿನವರಿಗೆ, ಸರ್ಕಾರವು ಗೊತ್ತುಮಾಡಿದ ದರದಲ್ಲಿ ನೂರಕ್ಕೆ 30ರಷ್ಟು ಮಾತ್ರ. ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ತುರ್ತಿನ ಸಮಯವನ್ನು ಬಿಟ್ಟರೆ ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ದೊಡ್ಡ ಚಿಕಿತ್ಸೆಗೆ ಅಲ್ಲಿಂದ ಚೀಟಿ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಲೆಕ್ಕದ ಸುಲಭಕ್ಕಾಗಿ ಚಿಕಿತ್ಸೆಯ ದರ 1 ಲಕ್ಷವೆಂದು ಹಿಡಿದರೆ, ಯಜಮಾನರು ತಮ್ಮ ಕೈಯಿಂದ ಕೊಡತಕ್ಕದ್ದು 70 ಸಾವಿರ. ಅವರ ಮನೆಯ ಪಾತ್ರೆ ತೊಳೆಯುವ ಹೆಂಗಸಿನ ಗಂಡನಿಗೆ ಅದೇ ನೋವು ಬಂದಿದ್ದರೆ ಕೊಡತಕ್ಕದ್ದು ಸೊನ್ನೆ. “ನೋಡಿದಿರಾ?” ಎಂದು ಅವರು ಹಾಸಿಗೆಯಿಂದಲೇ ನಮ್ಮನ್ನು ಕೇಳಿದರು.

ನೋಡಿದೆವು. ಆದರೆ ಆ ಹೆಂಗಸಿನ ಗಂಡನನ್ನೂ ನಾವು ನೋಡಿದ್ದೆವು. ಮಂಡಿಯಲ್ಲಿ ಮೂಟೆ ಹೊರುವ ಆತನು ಅದಕ್ಕೆ ಕೆಲವು ತಿಂಗಳ ಮೊದಲೇ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದನು. ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೆ ಕಾಸು ಖರ್ಚಾಗಲಿಲ್ಲ, ನಿಜ. ಆದರೆ ಆತನ ಮೂರು ತಿಂಗಳ ಕೂಲಿಯನ್ನು ಯಾವ ಕಾರ್ಡೂ ತಂದುಕೊಡಲಿಲ್ಲ. ಬಳಿಯಲ್ಲಿ ಕುಳಿತಿರಬೇಕಾಗಿ ಆಕೆಯೂ ಎರಡು ಮನೆಯ ಕೆಲಸ ಕಳೆದುಕೊಂಡಳು. ಹೊರಗಿನ ಊಟ, ಆಟೋ ಬಾಡಿಗೆ, ಚೀಟಿ ಹಿಡಿದು ಹೊರಗಿನ ಅಂಗಡಿಯಲ್ಲಿ ತಂದ ಕೆಲವು ಔಷಧಗಳು—ಇವಕ್ಕೆಲ್ಲ ಸಂಘದಲ್ಲಿ ಸಾಲ ತೆಗೆದಳು. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಅದು ನೇರವಾಗಿ ಸಂಘದ ಕಂತಿಗೆ ಹೋಯಿತು. ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆಯಾದರೂ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡಾಡುವ ನಮ್ಮ ಸೀಮೆಯಲ್ಲಿ ಆಕೆಯು ಚಿಲ್ಲರೆ ಎಣಿಸುವುದು ತಪ್ಪಲಿಲ್ಲ. ಪುಕ್ಕಟೆಯೆಂಬುದರ ಬೆಲೆ ಹೀಗಿರುತ್ತದೆ.

ಹಾಗಾದರೆ ತಪ್ಪೆಲ್ಲಿದೆ? ಆಕೆಗೆ ಕೊಟ್ಟದ್ದರಲ್ಲಿ ತಪ್ಪಿಲ್ಲ. ಗೆರೆಯನ್ನು ಎಳೆದ ಬಗೆಯಲ್ಲಿ ತಪ್ಪಿದೆಯೆಂದು ನಮ್ಮ ಮತ. 2024ರ ಕೊನೆಯಲ್ಲಿ ಕಾರ್ಡುಗಳನ್ನು ರದ್ದುಮಾಡುವ ವಿಷಯದಲ್ಲಿ ನಾಡಿನಲ್ಲೆಲ್ಲ ಗದ್ದಲವೆದ್ದಾಗ, ಬಿಪಿಎಲ್ ಸಂಸಾರದ ವರಮಾನಕ್ಕೆ ಇದ್ದ ಮಿತಿ ವರ್ಷಕ್ಕೆ 1 ಲಕ್ಷ 20 ಸಾವಿರ ರೂಪಾಯಿ. ಎಂದರೆ ಇಡೀ ಸಂಸಾರಕ್ಕೆ ತಿಂಗಳಿಗೆ 10,000. ಸರ್ಕಾರವೇ ಗೊತ್ತುಮಾಡಿದ ಕನಿಷ್ಠ ವೇತನವು ಎಷ್ಟೋ ಕಸುಬುಗಳಲ್ಲಿ ಇದಕ್ಕಿಂತ ಹೆಚ್ಚು! ಕಾನೂನಿನಂತೆ ಕೂಲಿ ಕೊಡುವ ಧಣಿಯ ಬಳಿ ಕಾನೂನಿನಂತೆ ಕೂಲಿ ಪಡೆಯುವ ಆಳು, ಕಾಗದದ ಮೇಲೆ ಬಡವನಲ್ಲ. ಇನ್ನು ಪಟ್ಟಣದಲ್ಲಿ ಸಾವಿರ ಚದರಡಿಗೆ ಮೀರಿದ ತಾರಸಿಯ ಮನೆಯಿದ್ದರೂ ಕಾರ್ಡಿಲ್ಲ. ಗೋಡೆಯ ಅಳತೆ ತೆಗೆದುಕೊಂಡು ಎದೆಯ ಕಾಯಿಲೆಗೆ ದರ ಕಟ್ಟುವ ಈ ವಿಧಾನವನ್ನು ನೋಡಿದಾಗ, 1951ರಲ್ಲಿ ನಮ್ಮ ಜಿಲ್ಲೆಯ ಕಾಗೋಡಿನ ಗೇಣಿದಾರರು ಎತ್ತಿದ ಮಾತು ನೆನಪಾಗುತ್ತದೆ. ಅವರು ಒಡೆಯರ ಕೊಳಗದ ಅಳತೆ ಸರಿಯಿಲ್ಲವೆಂದು ಜಗಳ ತೆಗೆದರು. ಅವರು ದಾನ ಕೇಳಲಿಲ್ಲ. ಸರಿಯಾದ ಅಳತೆ ಕೇಳಿದರು. ಆ ಸತ್ಯಾಗ್ರಹದಲ್ಲಿ ಮುಂದೆ ನಿಂತ ಶಾಂತವೇರಿ ಗೋಪಾಲಗೌಡರ ಹೆಸರನ್ನು ಹೊತ್ತ ಬಡಾವಣೆಯೊಂದು ನಮ್ಮ ಊರಿನಲ್ಲಿಯೇ ಇದೆ.

ಸಂಪತ್ತಿನ ಅಳತೆಯನ್ನೂ ಒಮ್ಮೆ ನೋಡೋಣ. ಭಾರತದಲ್ಲಿ ನೂರಕ್ಕೆ ಒಬ್ಬನಂತೆ ಮೇಲಿರುವ ಧನಿಕರ ಕೈಯಲ್ಲಿ 2022-23ರಲ್ಲಿ ದೇಶದ ಒಟ್ಟು ಸಂಪತ್ತಿನ ನೂರಕ್ಕೆ 40ರಷ್ಟು ಇದ್ದಿತೆಂದು ಆರ್ಥಿಕ ಅಸಮಾನತೆಯನ್ನು ಅಭ್ಯಸಿಸುವ ವಿದ್ವಾಂಸರು 2024ರಲ್ಲಿ ಲೆಕ್ಕ ಹಾಕಿದ್ದಾರೆ. ನಮ್ಮ ಯಜಮಾನರೂ, ಪಾತ್ರೆ ತೊಳೆಯುವ ಆ ಹೆಂಗಸೂ ಉಳಿದ ತೊಂಬತ್ತೊಂಬತ್ತರಲ್ಲಿಯೇ ಇದ್ದಾರೆ. ಒಬ್ಬರ ತಟ್ಟೆಯನ್ನು ಇನ್ನೊಬ್ಬರು ಇಣಿಕಿ ನೋಡುತ್ತಿರುವಾಗ ಕಣಜದ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ.

“ಕಟ್ಟುವವರು ನಾವು” ಎಂಬ ಮಾತನ್ನೂ ಸ್ವಲ್ಪ ಒರೆಗೆ ಹಚ್ಚಬೇಕು. ಆ ಹೆಂಗಸು ಕೊಳ್ಳುವ ಸಾಬೂನಿಗೂ ತೆರಿಗೆಯುಂಟು. ಅಂಗಡಿಯವನು ಅದನ್ನು ಕಾರ್ಡು ನೋಡಿ ಬಿಡುವುದಿಲ್ಲ. ಮತ್ತು ನಮ್ಮಂಥ ಗೃಹಸ್ಥರು ಸರ್ಕಾರದಿಂದ ಏನನ್ನೂ ಪಡೆಯುವುದಿಲ್ಲವೆ? ಆರೋಗ್ಯ ವಿಮೆಯ ಕಂತು ಕಟ್ಟಿದವರಿಗೆ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವಿನಾಯಿತಿಯುಂಟು. 2025ರ ಸೆಪ್ಟೆಂಬರಿನಲ್ಲಿ ಸ್ವಂತಕ್ಕೆ ಕೊಳ್ಳುವ ಆರೋಗ್ಯ ವಿಮೆಯ ಮೇಲಿದ್ದ ನೂರಕ್ಕೆ 18ರ ತೆರಿಗೆಯನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ಆ ದಿನ ನಮ್ಮ ಜಗಲಿಯಲ್ಲಿ ಯಾರೂ ಅದನ್ನು “ಪುಕ್ಕಟೆ” ಎನ್ನಲಿಲ್ಲ. ನಾವೂ ಅನ್ನಲಿಲ್ಲ. ನಮ್ಮ ಮನೆಯ ವಿಮೆಗೂ ಅದು ಅನ್ವಯಿಸಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಸರ್ಕಾರದವರು ಕೊಡುವುದೆಲ್ಲವೂ ಸರಿಯೆಂದು ನಾವು ಒಪ್ಪಿದಂತಾಗಲಿಲ್ಲ. 2025-26ರ ರಾಜ್ಯದ ಆಯವ್ಯಯದಲ್ಲಿ ಐದು ಗ್ಯಾರಂಟಿಗಳಿಗೆ ತೆಗೆದಿರಿಸಿದ ಹಣ 51 ಸಾವಿರ ಕೋಟಿ ರೂಪಾಯಿ. ಆರೋಗ್ಯಕ್ಕೆ 17 ಸಾವಿರ ಕೋಟಿಯಷ್ಟು. ಗ್ಯಾರಂಟಿಯ ಹಣ ಬಡವರ ಮನೆಯಲ್ಲಿ ಒಲೆ ಉರಿಸುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳಲಾರೆವು. ಆದರೆ ಕಾರ್ಡಿನಿಂದ ವೈದ್ಯರು ಹುಟ್ಟುವುದಿಲ್ಲ. ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸುತ್ತಲಿನ ತಾಲ್ಲೂಕುಗಳ ಜನರೆಲ್ಲ ಬಂದು ಸೇರುವಾಗ, ಅಲ್ಲಿ ಇನ್ನೊಂದು ವಾರ್ಡು, ಇನ್ನೊಬ್ಬ ದಾದಿ, ಇನ್ನೊಬ್ಬ ಹೃದ್ರೋಗ ತಜ್ಞ ಇರುವುದು ಇನ್ನೊಂದು ಕಾರ್ಡಿಗಿಂತ ಮೇಲು. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಖಾಸಗಿಯವರಿಗೆ ವರ್ಷ ವರ್ಷವೂ ಹಣ ತೆರುವುದಕ್ಕಿಂತ, ಆಗುವಂತೆ ಮಾಡುವುದು ಜಾಣತನ. ಅಲ್ಲಿಗೆ ಯಜಮಾನರಂಥವರೂ ಹೋಗುವಂತಾಗಬೇಕು. ಬಡವರಿಗೆಂದೇ ಮೀಸಲಾದ ಆಸ್ಪತ್ರೆಯ ಕಕ್ಕಸು ಕೆಟ್ಟರೆ ಕೇಳುವವರಿಲ್ಲ. ಮೇಷ್ಟರೂ ವಕೀಲರೂ ಹೋಗುವ ಕಡೆ ಮರುದಿನವೇ ಪತ್ರಿಕೆಗೆ ಕಾಗದ ಹೋಗುತ್ತದೆ.

ಹಣವನ್ನು ಎಲ್ಲಿಂದ ತರುವುದು, ಯಾವಾಗ ಕೇಳುವುದು ಎಂಬುದಕ್ಕೆ ನಮ್ಮಲ್ಲಿಯೇ ಮೇಲ್ಪಂಕ್ತಿಗಳಿವೆ. 1948ರ ಕಾನೂನಿನಂತೆ ರೂಪುಗೊಂಡ ಕಾರ್ಮಿಕರ ವಿಮೆ—ಜನರ ಬಾಯಲ್ಲಿ ಇಎಸ್‌ಐ—ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರಿಗೆ ಅನ್ವಯಿಸುತ್ತದೆ. ಕೆಲಸಗಾರನಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಧಣಿಯಿಂದ ಮೂರೂ ಕಾಲು. 10,000 ಸಂಬಳದವನು 75 ರೂಪಾಯಿ ಕೊಡುತ್ತಾನೆ, 20,000ದವನು 150. ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ಔಷಧ. ಗಂಟಲುನೋವಿರಲಿ, ಮೂತ್ರಕೋಶದ ರೋಗವಿರಲಿ, ಆಗ ಯಾರೂ ಸಂಬಳ ಕೇಳುವುದಿಲ್ಲ. ನಮ್ಮ ರೈತರೂ ಇದನ್ನು ಅರಿಯದವರಲ್ಲ. 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂದಾಗ ಸಹಕಾರ ಸಂಘದ ಸದಸ್ಯನು ಕಟ್ಟುತ್ತಿದ್ದದ್ದು ವರ್ಷಕ್ಕೆ 60 ರೂಪಾಯಿ. 2018ರಲ್ಲಿ ಅದು ನಿಂತು, 2022-23ರಲ್ಲಿ ಮರಳಿ ಬಂದಿತು. ಆರೋಗ್ಯವಾಗಿರುವಾಗ ಶಕ್ತ್ಯನುಸಾರ ಕೊಡಲು ನಮ್ಮ ಜನ ಹಿಂದೆಗೆಯುವುದಿಲ್ಲ. ಹಾಸಿಗೆ ಹಿಡಿದವನ ಮುಂದೆ ಕೈ ಚಾಚಿ 70 ಸಾವಿರ ಕೇಳಿದಾಗ ಮಾತ್ರ ಅವರು ನಡುಗುತ್ತಾರೆ. ದೇಶದಲ್ಲಿ ಚಿಕಿತ್ಸೆಗೆ ಖರ್ಚಾಗುವ ಒಟ್ಟು ಹಣದಲ್ಲಿ ಜನರು ನೇರವಾಗಿ ಕೈಯಿಂದ ತೆರುವ ಪಾಲು 2013-14ರಲ್ಲಿ ನೂರಕ್ಕೆ 64 ಇದ್ದದ್ದು 2021-22ಕ್ಕೆ 39ಕ್ಕೆ ಇಳಿದಿದೆ. ಇಳಿದದ್ದು ಸಂತೋಷ, ಉಳಿದದ್ದು ಅಲ್ಪವಲ್ಲ.

ದುಡ್ಡಿಲ್ಲವೆಂಬ ಕಾರಣದಿಂದ ಯಾರಿಗೂ ವೈದ್ಯ ಸಹಾಯ ತಪ್ಪಬಾರದೆಂದು ಜೋಸೆಫ್ ಭೋರರ ಸಮಿತಿಯು 1946ರಲ್ಲಿಯೇ ವರದಿ ಬರೆದಿತ್ತು. ಎರಡು ವರ್ಷಗಳ ತರುವಾಯ, 1948ರ ಜುಲೈ 5ರಂದು, ಯುದ್ಧದಿಂದ ಜರ್ಜರಿತವಾಗಿದ್ದ ಇಂಗ್ಲೆಂಡಿನಲ್ಲಿ ಅಂಥ ಏರ್ಪಾಟು ಆರಂಭವಾಯಿತು. ಅವರು ಸಿರಿವಂತರಾಗುವವರೆಗೆ ಕಾಯಲಿಲ್ಲ.

ನಮ್ಮ ಜಿಲ್ಲೆಯಲ್ಲಿಯೂ ಕಾರ್ಡು ಕೇಳದೆ ಕೊಟ್ಟದ್ದುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆಗೆ ಮಲೆನಾಡಿನ ಹಳ್ಳಿಗಳಲ್ಲಿ ಲಸಿಕೆ ಹಾಕುತ್ತಿದ್ದಾಗ, ತೋಟದ ಒಡೆಯನೂ ದರಗು ಗುಡಿಸುವ ಆಳೂ ಒಂದೇ ಸಾಲಿನಲ್ಲಿ ತೋಳು ಒಡ್ಡಿದರು. ಉಣ್ಣೆ ಯಾರನ್ನು ಕಚ್ಚುವುದೆಂಬುದು ಕಾರ್ಡಿನ ಮೇಲೆ ನಿಂತಿಲ್ಲವಷ್ಟೆ. ಆದರೆ ಆ ಲಸಿಕೆಯ ಬಲ ಸಾಲದೆಂದು ಕಂಡುಬಂದು 2022ರಲ್ಲಿ ಅದು ನಿಂತೇಹೋಯಿತು. ಉಚಿತವಾಗಿ ಕೊಟ್ಟ ಮಾತ್ರಕ್ಕೆ ಔಷಧ ಫಲಿಸಿಬಿಡುವುದಿಲ್ಲವೆಂಬುದಕ್ಕೂ ಇದು ನಿದರ್ಶನ.

ಯಜಮಾನರು ಈಗ ಚೇತರಿಸಿಕೊಂಡಿದ್ದಾರೆ. ಎಪ್ಪತ್ತು ಸಾವಿರವಲ್ಲ, ಅದಕ್ಕೂ ಹೆಚ್ಚೇ ಆಯಿತೆಂದು ಕೇಳಿದೆವು. ಅವರ ಮನೆಯವರ ಕೈಬಳೆಗಳು ಈಗ ಕಾಣುತ್ತಿಲ್ಲ. ಮೊನ್ನೆ ನಾವು ಜಗಲಿಗೆ ಹೋದಾಗ ಅವರು ಕನ್ನಡಕ ಏರಿಸಿಕೊಂಡು, ಆ ಹೆಂಗಸಿನ ಗಂಡನ ಆಸ್ಪತ್ರೆಯ ಕಾಗದಗಳನ್ನು ಮೊಳಕಾಲ ಮೇಲೆ ಹರಡಿಕೊಂಡು, ಯಾವುದೋ ಅರ್ಜಿ ತುಂಬುತ್ತಿದ್ದರು. ಆಕೆಯು ಬಾಗಿಲ ಬಳಿ ನಿಂತಿದ್ದಳು. “ಇವರಿಗೆ ಬರಬೇಕಾದ್ದು ಇನ್ನೂ ಬಂದಿಲ್ಲ ಸ್ವಾಮಿ. ಆಧಾರಿನಲ್ಲಿ ಹೆಸರು ಒಂದು ಬಗೆ, ಕಾರ್ಡಿನಲ್ಲಿ ಇನ್ನೊಂದು ಬಗೆ,” ಎಂದು ತಲೆಯೆತ್ತದೆಯೇ ಹೇಳಿ, ಪೆನ್ನಿನ ತುದಿಯಿಂದ ಆ ಅಕ್ಷರವನ್ನು ನಮಗೆ ತೋರಿಸಿದರು.