ಸೊಯುಜ್: ಪೆಟ್ಟು ತಿಂದು ಗಟ್ಟಿಯಾದ ನೌಕೆ

1983ರ ಸೆಪ್ಟೆಂಬರ್ 26. ಬೈಕನೂರಿನ ಉಡಾವಣಾ ಕಟ್ಟೆಯಲ್ಲಿ ನಿಂತಿದ್ದ ರಾಕೆಟ್ಟಿನ ಬುಡಕ್ಕೆ ಬೆಂಕಿ ಹತ್ತಿತು. ಹಾರಲು ಇನ್ನು ಒಂದೂವರೆ ನಿಮಿಷವಷ್ಟೇ ಇತ್ತು. ತುದಿಯ ಸೊಯುಜ್ ನೌಕೆಯಲ್ಲಿ ಕುಳಿತಿದ್ದವರು ಸೋವಿಯತ್ ಗಗನಯಾತ್ರಿಗಳಾದ ವ್ಲಾದಿಮಿರ್ ಟಿಟೊವ್ ಮತ್ತು ಗೆನ್ನಾದಿ ಸ್ಟ್ರೆಕಾಲೊವ್. ತಂತಿಗಳು ಸುಟ್ಟುಹೋಗಿದ್ದರಿಂದ ನಿಯಂತ್ರಣ ಕೊಠಡಿಯವರು ರೇಡಿಯೊ ಮೂಲಕವೇ ಆಜ್ಞೆ ಕಳಿಸಬೇಕಾಯಿತು. ಮೇಲಿನ ಪುಟ್ಟ ರಾಕೆಟ್ ಅವರಿಬ್ಬರನ್ನು ಕಿತ್ತೊಯ್ದು ಕೆಲವೇ ಸೆಕೆಂಡುಗಳಲ್ಲಿ ಕೆಳಗೆ ಎಲ್ಲವೂ ಸ್ಫೋಟಿಸಿತು. ಸುಮಾರು 4 ಕಿ.ಮೀ. ಆಚೆ ಇಬ್ಬರೂ ಜೀವಂತವಾಗಿ ಇಳಿದರು.

ಇದಾಗಿ ಆರು ತಿಂಗಳಿಗೆ, 1984ರ ಏಪ್ರಿಲ್ 3ರಂದು, ಅದೇ ಸ್ಟ್ರೆಕಾಲೊವ್ ಸೊಯುಜ್ ಟಿ-11 ಏರಿದರು. ಜತೆಗೆ ಯೂರಿ ಮಾಲಿಶೆವ್ ಮತ್ತು ನಮ್ಮ ರಾಕೇಶ್ ಶರ್ಮಾ. ನಾವು ಶರ್ಮಾ ಅವರ ಧೈರ್ಯ ಹೊಗಳುತ್ತೇವೆ, ಸರಿ. ಸ್ಟ್ರೆಕಾಲೊವ್ ಅವರ ಗುಂಡಿಗೆ ಇನ್ನೂ ದೊಡ್ಡದು ಅನ್ನಿಸುತ್ತದೆ ನನಗೆ.

ಸೆರ್ಗೆಯ್ ಕೊರೊಲೆವ್ ಅವರ ವಿನ್ಯಾಸ ಕಚೇರಿಯಲ್ಲಿ ರೂಪುಗೊಂಡ ಸೊಯುಜ್‌ಗೆ ಮೂರು ಭಾಗ: ಮುಂದೆ ಗುಂಡನೆಯ ಕೋಣೆ, ನಡುವೆ ಗಂಟೆಯಾಕಾರದ ಕೋಶ, ಹಿಂದೆ ಎಂಜಿನ್ ಮತ್ತು ಸೌರಫಲಕ. ಭೂಮಿಗೆ ಮರಳುವುದು ನಡುವಿನ ಕೋಶವೊಂದೇ. ಶಾಖ ತಡೆಯುವ ಭಾರದ ಕವಚ ಅಷ್ಟಕ್ಕೇ ಸಾಕು. ಲೆಕ್ಕ ಬಲ್ಲವರ ಜಾಣತನ.

ಆದರೆ ಮೊದಲ ಮಾನವಸಹಿತ ಹಾರಾಟದಲ್ಲೇ, 1967ರ ಏಪ್ರಿಲ್‌ನಲ್ಲಿ, ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ವ್ಲಾದಿಮಿರ್ ಕೊಮರೊವ್ ಸತ್ತರು. 1971ರ ಜೂನ್ 30ರಂದು ಸೊಯುಜ್ 11 ಮರಳುವಾಗ ಒಂದು ಕವಾಟ ಅಕಾಲದಲ್ಲಿ ತೆರೆದು ಗಾಳಿಯೆಲ್ಲ ಸೋರಿತು. ಮೂವರನ್ನು ಕೂರಿಸುವ ಆಸೆಗೆ ಒತ್ತಡದ ಉಡುಪನ್ನೇ ಕೈಬಿಡಲಾಗಿತ್ತು, ಮೂವರೂ ಉಳಿಯಲಿಲ್ಲ. ಆಮೇಲೆ ಉಡುಪು ಕಡ್ಡಾಯವಾಯಿತು, ಸವಾರರು ಇಬ್ಬರಾದರು. ಮತ್ತೆ ಮೂವರಿಗೆ ಜಾಗ ಸಿಕ್ಕಿದ್ದು 1980ರಲ್ಲಿ, ಹೊಸ 'ಟಿ' ಮಾದರಿಯಲ್ಲಿ. ಅದನ್ನು ಮನುಷ್ಯರೊಂದಿಗೆ ಮೊದಲು ಹಾರಿಸಿದವರು ಮಾಲಿಶೆವ್. ಅದರಲ್ಲಿ ಹೋದ ಮೊದಲ ಮೂವರಲ್ಲಿ ಸ್ಟ್ರೆಕಾಲೊವ್ ಒಬ್ಬರು. ಶರ್ಮಾ ಅವರಿಗೆ ಸಿಕ್ಕ ಜತೆಗಾರರು ಎಂಥವರು ನೋಡಿ!

ಶರ್ಮಾ ಅವರ ವೈದ್ಯಕೀಯ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ. ಅವರಿಗಾಗಿ ತಿನಿಸು ಸಿದ್ಧಪಡಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ನಮ್ಮ ಧಾರವಾಡದ ಸರದಿ ಬಂದದ್ದು 2025ರಲ್ಲಿ: ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಅಂತರಿಕ್ಷದಲ್ಲಿ ಮೊಳಕೆಯೊಡೆದವು. ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಜತೆ ಅವು ಹೋದದ್ದು ಮಾತ್ರ ಅಮೆರಿಕದ ಡ್ರಾಗನ್ ನೌಕೆಯಲ್ಲಿ.

ಸೊಯುಜ್ ಆಸನಕ್ಕೆ ಪ್ರತಿಯೊಬ್ಬರ ಮೈಯ ಅಚ್ಚು ತೆಗೆದು ಹಾಸು ಮಾಡುತ್ತಾರೆ. ಮೊಣಕಾಲು ಎದೆಯತ್ತ ಮಡಚಿ ಅದರಲ್ಲಿ ಅಂಗಾತ ಮಲಗಬೇಕು. ಶರ್ಮಾ ಏಪ್ರಿಲ್ 11ರಂದು ಬಾಹ್ಯಾಕಾಶ ನಿಲ್ದಾಣದಿಂದ ಮರಳಿದ್ದು ಬೇರೆ ನೌಕೆಯಲ್ಲಿ, ಸೊಯುಜ್ ಟಿ-10ರಲ್ಲಿ. ಇಂಥ ಬದಲಾವಣೆಯಲ್ಲಿ ಹಾಸನ್ನೂ ಎತ್ತಿ ಆ ನೌಕೆಗೆ ಹಾಕಿಕೊಳ್ಳಬೇಕು. ಪ್ಯಾರಾಚೂಟಿನಲ್ಲಿ ತೇಲಿಬರುವ ಕೋಶ ನೆಲಕ್ಕೆ ಒಂದು ಮೀಟರಿನಷ್ಟು ದೂರವಿರುವಾಗ ಕೆಳಗಿನ ಪುಟ್ಟ ರಾಕೆಟ್‌ಗಳು ಸಿಡಿದು ಪೆಟ್ಟು ತಗ್ಗಿಸುತ್ತವೆ. ಶರ್ಮಾ ಇಳಿದದ್ದು ಕಜಕಸ್ತಾನದ ಅರ್ಕಾಲಿಕ್ ಬಳಿ. ನಮ್ಮ ಧಾರವಾಡ ಸೀಮೆಯ ಮೊರಬದ ಎರೆಹೊಲಗಳಂತೆ ಕಣ್ಣು ಹಾಯುವವರೆಗೂ ಬಯಲೇ ಬಯಲು.

1971ರ ಆ ದುರಂತದ ನಂತರ ಸೊಯುಜ್ ಹಾರಾಟದಲ್ಲಿ ಒಬ್ಬರೂ ಪ್ರಾಣ ಕಳೆದುಕೊಂಡಿಲ್ಲ.