ವಿಕಲಚೇತನ ಮಕ್ಕಳೂ ಶಾಲೆಯ ಹೊಣೆಯೂ

ಉತ್ತರ ಕರ್ನಾಟಕದ ಮಠಗಳಿಗೆ ಅಂಗವಿಕಲ ಮಕ್ಕಳ ಪಾಲನೆಯು ಹೊಸ ಕಾರ್ಯವೇನೂ ಅಲ್ಲ. ಹಾನಗಲ್ಲಿನ ಪೂಜ್ಯ ಕುಮಾರ ಶಿವಯೋಗಿಗಳು (1867–1930) ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಕಂಠಸಿರಿಯನ್ನು ಗುರುತಿಸಿ ಅವನಿಗೆ ಸಂಗೀತ ಶಿಕ್ಷಣವನ್ನು ದೊರಕಿಸಿಕೊಟ್ಟರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು (1892–1944) ನಾಡಿಗೆ ಪರಿಚಿತರಾದರು. ಅವರ ನಂತರ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಅಂಧ ಹಾಗೂ ಅನಾಥ ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆಗಳನ್ನು ನೀಡುತ್ತ ಬಂದರು. ಆ ಮಕ್ಕಳಲ್ಲಿ ಎಷ್ಟೋ ಮಂದಿ ಸ್ವಂತ ದುಡಿಮೆಯಿಂದ ಬದುಕಿದರೆಂಬುದು ಆ ಕಾರ್ಯದ ನಿಜವಾದ ಹಿರಿಮೆ.

ಈ ಪರಂಪರೆಯನ್ನು ಗೌರವದಿಂದ ನೆನೆಯುವಾಗಲೇ ಅದರ ಎಲ್ಲೆಯನ್ನೂ ಗಮನಿಸಬೇಕಾಗುತ್ತದೆ. ಸಂಗೀತವು ಕಣ್ಣಿಲ್ಲದವನಿಗೆ ದಾರಿಯಾಗಬಲ್ಲದು. ಆದರೆ ಕಿವಿ ಕೇಳದ ಮಗುವನ್ನು, ಕತ್ತು ನಿಲ್ಲದ ಮಗುವನ್ನು, ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವನ್ನು ಅದೇ ದಾರಿಯಲ್ಲಿ ಆಶ್ರಮಕ್ಕೆ ಕಳುಹಿಸಲಾಗದು. ಅಂಥ ಮಗು ಮನೆಯಲ್ಲಿಯೇ ಬೆಳೆಯಬೇಕು. ಆದ್ದರಿಂದ ನೆರವು ಮಗುವೊಂದಕ್ಕೇ ಸಂದರೆ ಸಾಲದು, ಆ ಮನೆಗೂ ಸಲ್ಲಬೇಕು.

ಹಿಂದಿನ ತಲೆಮಾರಿನಲ್ಲಿ ಹಳ್ಳಿಯ ಅಂಗವಿಕಲ ಮಗುವೆಂದೊಡನೆ ಪೋಲಿಯೋದಿಂದ ಕಾಲು ಸೊರಗಿದ ಮಗುವೇ ಕಣ್ಣಮುಂದೆ ನಿಲ್ಲುತ್ತಿತ್ತು. ಅಂಥ ಮಗು ಕೋಲೂರಿಕೊಂಡಾದರೂ ಶಾಲೆಗೆ ಬರುತ್ತಿತ್ತು, ಓದಿ ಗುಮಾಸ್ತನೋ ಅಧ್ಯಾಪಕನೋ ಆಗುತ್ತಿತ್ತು. ನಿಸರ್ಗಸಹಜ ಪೋಲಿಯೋ ವೈರಾಣುವಿನಿಂದ ನಮ್ಮ ದೇಶದಲ್ಲಿ ಕಂಡ ಕೊನೆಯ ಪ್ರಕರಣ 2011ರ ಜನವರಿಯದು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಇಂದು ನಾವು ಕಾಣುವ, ಅಥವಾ ಕಾಣದೆಯೇ ಉಳಿಯುವ ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಕಿವುಡು, ಆಟಿಸಂ ಮೊದಲಾದವುಗಳಿಂದ ಬಾಧಿತರಾದವರು ಇದ್ದಾರೆ. ಇವರಲ್ಲಿ ಅನೇಕರು ಶಾಲೆಯ ಬಾಗಿಲಿಗೆ ತಾವಾಗಿ ಬರಲಾರರು.

ಹಾಗಾದರೆ ಇವರನ್ನು ಕಂಡುಕೊಳ್ಳುವ ಬಗೆ ಯಾವುದು? ಅಧ್ಯಾಪಕ ಬಂಧುಗಳ ಕೈಯಲ್ಲಿರುವ ಹಾಜರಿ ಪುಸ್ತಕವೇ ಅದಕ್ಕೆ ಸಾಕು. ಬಳಿಚಕ್ರದ ಸುತ್ತಿನ ಸೀಮೆಯಲ್ಲಿ ಹತ್ತಿ ಬಿಡಿಸುವ ದಿನಗಳು, ತೊಗರಿ ಕೊಯ್ಲಿನ ದಿನಗಳು ಬಂದೊಡನೆ ಐದನೆಯ ಅಥವಾ ಆರನೆಯ ತರಗತಿಯ ಹುಡುಗಿಯೊಬ್ಬಳು ಸಾಲಾಗಿ ಗೈರುಹಾಜರಾದರೆ ಅವಳ ಮನೆಯವರೆಗೆ ಹೋಗಿ ನೋಡಬೇಕು. ಎಲ್ಲ ಮನೆಗಳಲ್ಲಿಯೂ ಅಲ್ಲವಾದರೂ ಕೆಲವು ಮನೆಗಳಲ್ಲಿ, ಹಾಸಿಗೆಯ ಮೇಲೆ ಮಲಗಿದ ತಮ್ಮನನ್ನೋ ತಂಗಿಯನ್ನೋ ಕಾಯುತ್ತ ಅವಳು ಕುಳಿತಿರುತ್ತಾಳೆ. ಹೊಲಮನೆ ಉಳ್ಳವರಲ್ಲಿ ಅಜ್ಜಿಯೋ ಆಳೋ ಆ ಮಗುವನ್ನು ನೋಡಿಕೊಂಡಾರು. ಕೇರಿಯ, ತಾಂಡಾದ ಭೂಮಿಯಿಲ್ಲದ ಮನೆಯಲ್ಲಿ ತಾಯಿ ಕೂಲಿಗೆ ಹೋಗದಿದ್ದರೆ ಒಲೆ ಉರಿಯದು, ಹೋದರೆ ಮಗುವಿಗೆ ನೀರು ಕುಡಿಸುವವರಿಲ್ಲ. ಆದಕಾರಣ ಅಕ್ಕನ ಓದು ನಿಲ್ಲುತ್ತದೆ. ಒಂದು ಮಗುವಿನ ವೈಕಲ್ಯ ಇಬ್ಬರು ಮಕ್ಕಳ ವಿದ್ಯೆಯನ್ನು ಕಳೆಯುವುದು ಈ ರೀತಿಯಲ್ಲಿ. ಹಬ್ಬದ ದಿನ ಒಂದು ಜೊತೆ ಬಟ್ಟೆ, ಒಂದು ಚೀಲ ಅಕ್ಕಿ ಕೊಟ್ಟು ಫೋಟೋ ತೆಗೆಸಿಕೊಳ್ಳುವ ದಾನಕ್ಕಿಂತ ಆ ಅಕ್ಕನನ್ನು ತರಗತಿಗೆ ಮರಳಿಸುವ ಏರ್ಪಾಡು ಹೆಚ್ಚಿನದೆಂದು ನಾನು ತಿಳಿದಿದ್ದೇನೆ.

ಏರ್ಪಾಡು ಬಹಳ ದೊಡ್ಡದೇನಲ್ಲ. ಶಾಲೆಯ ಒಂದು ಕೊಠಡಿ, ಒಂದು ಚಾಪೆ, ಗೌರವಧನ ಪಡೆದು ಹಗಲೆಲ್ಲ ಮಕ್ಕಳನ್ನು ನೋಡಿಕೊಳ್ಳುವ ಅದೇ ಓಣಿಯ ಒಬ್ಬ ಹೆಣ್ಣುಮಗಳು. ಅಕ್ಕ ಬರುವಾಗ ತಮ್ಮನೂ ಜೊತೆಗೇ ಬರುತ್ತಾನೆ.

ಆ ಹೆಣ್ಣುಮಗಳು ತಿಳಿಯಬೇಕಾದ ವಿಷಯಗಳೂ ಕಷ್ಟದವಲ್ಲ. ಸದಾ ಮಲಗಿಸಿಯೇ ಇಟ್ಟ ಮಗುವಿನ ಕೈಕಾಲುಗಳ ಸ್ನಾಯುಗಳು ಬಿಗಿದುಕೊಂಡು ಕೀಲುಗಳು ಸೆಟೆಯುತ್ತವೆ, ಆಮೇಲೆ ಬಿಡಿಸುವುದು ದುಸ್ತರ. ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗಿ ಕೆಮ್ಮು, ನ್ಯುಮೋನಿಯಾ ಬರಬಹುದು. ಬೆನ್ನಿಗೆ ಆನಿಕೆ ಕೊಟ್ಟು ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ ಉಣಿಸಬೇಕು. ಮೆಕ್ಸಿಕೋ ದೇಶದ ಗುಡ್ಡಗಾಡಿನ ಹಳ್ಳಿಗಳಲ್ಲಿ ಕೆಲಸ ಮಾಡಿದ ಡೇವಿಡ್ ವರ್ನರ್ ಎಂಬವರು 1987ರಲ್ಲಿ ಹಳ್ಳಿಯ ಅಂಗವಿಕಲ ಮಕ್ಕಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಊರ ಬಡಗಿ ಮಾಡಬಲ್ಲ ಮೂಲೆಕುರ್ಚಿ, ಅಂಗಳದಲ್ಲಿ ಗೂಟ ನೆಟ್ಟು ಕಟ್ಟಿದ ಎರಡು ಸಮಾನಾಂತರ ಗಳುಗಳ ನಡುವೆ ನಡಿಗೆಯ ಅಭ್ಯಾಸ ಮುಂತಾದ ಸಾಧನಗಳನ್ನು ಆ ಪುಸ್ತಕವು ಚಿತ್ರಸಹಿತ ತೋರಿಸುತ್ತದೆ. ಬಿದಿರೂ ಬಡಗಿಯೂ ನಮ್ಮಲ್ಲಿಯೂ ಇದ್ದಾರೆ. ಆದರೆ ಯಾವ ಮಗುವಿಗೆ ಯಾವ ವ್ಯಾಯಾಮ ತಕ್ಕುದೆಂಬುದನ್ನು ಬಲ್ಲ ಚಿಕಿತ್ಸಕರು ಒಮ್ಮೆ ನೋಡಿ ಹೇಳಬೇಕು.

ಕಿವುಡಿನ ವಿಷಯದಲ್ಲಂತೂ ಕಾಲವೇ ಮುಖ್ಯ. ಮಗು ಮಾತನ್ನು ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ. 'ಅವರ ತಂದೆಗೂ ತಡವಾಗಿಯೇ ಮಾತು ಬಂದಿತ್ತು' ಎಂದು ಕಾಯುತ್ತ ಕುಳಿತರೆ ಆ ವರ್ಷಗಳು ಮರಳಿ ಬಾರವು. ಬೆನ್ನ ಹಿಂದೆ ತಾಟು ಬಡಿದಾಗ ತಿರುಗದ ಕೂಸನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದುದು.

ಇನ್ನು ಓಣಿಯ ಮಾತು. ಹಿಂದಿನ ಜನ್ಮದ ಪಾಪವೆಂದು ತಾಯಿಯನ್ನೇ ದೂರುವವರು ಇಂದಿಗೂ ಇದ್ದಾರೆ. ಹೆರಿಗೆಯ ಹೊತ್ತಿನಲ್ಲಿ ಕೂಸಿಗೆ ಉಸಿರು ತಡೆದದ್ದು, ಹುಟ್ಟಿದ ವಾರದಲ್ಲಿ ಏರಿದ ಕಾಮಾಲೆ, ಗರ್ಭಿಣಿಗೆ ಬಂದ ರುಬೆಲ್ಲಾ, ಮಿದುಳು ಜ್ವರ, ಕೆಲವೊಮ್ಮೆ ಸೋದರ ಸಂಬಂಧದ ಮದುವೆಯಿಂದ ಕೂಡಿಬರುವ ಆನುವಂಶಿಕ ದೋಷ, ಇಂಥವು ಕಾರಣಗಳು. ಮಠದ ಶಾಲೆಯ ಅಧ್ಯಾಪಕರು ಮನೆಗೆ ಬಂದು ಇದನ್ನು ಹೇಳಿದರೆ ಆ ಮಾತಿಗೆ ಬರುವ ತೂಕ ಕರಪತ್ರಕ್ಕೆ ಬಾರದು.

ಕಾನೂನು ಈ ಮಕ್ಕಳ ಪರವಾಗಿಯೇ ಇದೆ. 1995ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗಣಿಸಿತ್ತು, 2016ರ ಅಧಿನಿಯಮವು ಇಪ್ಪತ್ತೊಂದನ್ನು ಹೆಸರಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕುಂಟು. ತೀವ್ರ ವೈಕಲ್ಯವಿದ್ದರೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಅವಕಾಶವನ್ನು 2012ರ ತಿದ್ದುಪಡಿ ಕಲ್ಪಿಸಿತು. ಆದರೆ ಮಾಸಾಶನ ಮೊದಲಾದ ಸೌಲಭ್ಯಗಳಿಗೆಲ್ಲ ಮೊದಲು ಬೇಕಾದದ್ದು ವೈದ್ಯರ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ. ಹತ್ತು ವರ್ಷದ, ನಡೆಯಲಾರದ ಮಗುವನ್ನು ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ಯಾದಗಿರಿಗೆ ಹೋಗುವುದೆಂದರೆ ಒಂದು ದಿನದ ಕೂಲಿಯೂ ಹೋಯಿತು, ಬಸ್ಸಿನ ಖರ್ಚೂ ಆಯಿತು. ಅಂದು ತಜ್ಞರು ಸಿಗದಿದ್ದರೆ ಎರಡನೆಯ ಸಲ. ಮೂರನೆಯ ಸಲ ಯಾರೂ ಹೋಗುವುದಿಲ್ಲ. ಇದನ್ನು ತಂದೆತಾಯಿಗಳ ಅಸಡ್ಡೆಯೆಂದು ಬರೆದುಕೊಳ್ಳುವುದು ಅನ್ಯಾಯ.

ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಇರುತ್ತಾರೆ. ಇವರೂ ವಿಕಲಚೇತನರೇ, ಅಲ್ಪ ಗೌರವಧನಕ್ಕೆ ದುಡಿಯುವವರು. ಶಾಲೆಯು ಅವರ ಜೊತೆಗೂಡಿ ಮಕ್ಕಳ ಪಟ್ಟಿಯನ್ನು ಸಿದ್ಧಪಡಿಸಿ, ತಜ್ಞರು ಇರುವ ದಿನವನ್ನು ಮೊದಲೇ ಕೇಳಿ ತಿಳಿದು, ಹತ್ತು ಮನೆಗಳವರನ್ನು ಒಂದೇ ವಾಹನದಲ್ಲಿ ಕರೆದೊಯ್ದರೆ ಹಲವು ವರ್ಷಗಳಿಂದ ನಿಂತ ಕೆಲಸ ಮುಂದೆ ಸಾಗುತ್ತದೆ. ಮಾನ್ಯ ದಾನಿಗಳು ಆ ವಾಹನದ ಬಾಡಿಗೆಯನ್ನೂ ಅಂದಿನ ಕೂಲಿಯನ್ನೂ ವಹಿಸಿಕೊಳ್ಳಬಹುದು. ಸುಗ್ಗಿ ಮುಗಿದು ಜನ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೊರಡುವ ಮುನ್ನವೇ ಇದು ನಡೆಯಬೇಕು. ಹೊರಟ ಮೇಲೆ ಮಗು ಮುದುಕಿಯ ಪಾಲಿಗೆ ಉಳಿಯುತ್ತದೆ, ಇಲ್ಲವೆ ಕಟ್ಟಡದ ಕೆಲಸದ ಬಳಿಯ ಜೋಪಡಿಗೆ ಹೋಗುತ್ತದೆ. ಅಕ್ಕನಿಗಾದರೂ ಆ ತಿಂಗಳುಗಳಲ್ಲಿ ಪ್ರಸಾದ ನಿಲಯದಲ್ಲಿ ಇರಗೊಡುವುದು ನಮ್ಮ ಕೈಯಲ್ಲಿದೆ.

ಹದಿನೆಂಟು ತುಂಬಿದೊಡನೆ ಇನ್ನೊಂದು ತೊಡಕು ಎದುರಾಗುತ್ತದೆ. ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಧ ವೈಕಲ್ಯ ಉಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಂತೆ ಪೋಷಕರನ್ನು ನೇಮಿಸುವ ಸಮಿತಿಯು ಜಿಲ್ಲೆಯ ಮಟ್ಟದಲ್ಲಿದ್ದು, ಜಿಲ್ಲಾಧಿಕಾರಿಗಳು ಅದರಲ್ಲಿರುತ್ತಾರೆ. ತಮ್ಮ ನಂತರ ಮಗುವನ್ನು ಯಾರು ನೋಡಿಕೊಳ್ಳುವರೆಂದು ಚಿಂತಿಸುವ ಎಷ್ಟೋ ತಾಯಂದಿರಿಗೆ ಇಂಥ ಸಮಿತಿಯೊಂದು ಇದೆಯೆಂಬುದೇ ಗೊತ್ತಿಲ್ಲ. ಮಗುವಿಗೆ ಹದಿನೇಳು ತುಂಬಿದ ವರ್ಷವೇ ಶಾಲೆಯು ಆ ಮನೆಗೆ ಹೋಗಿ ಅರ್ಜಿಯ ಕಾಗದಗಳನ್ನು ಸಿದ್ಧಮಾಡಿಸತಕ್ಕದ್ದು.