ಆಟದ ಯಂತ್ರವೂ ಮನೆಯ ಅಂತರ್ಜಾಲವೂ

ಬೆಳಗಾವಿಯ ಬಡಾವಣೆಗಳಲ್ಲಿಯೂ ಖಾನಾಪುರದ ಮನೆಗಳಲ್ಲಿಯೂ ಇಂದು ಮಕ್ಕಳು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳ ಮೂಲಕ ದೂರದೂರಿನವರೊಡನೆ ಆಡುತ್ತಾರೆ. ಆಟವು ನಡುವೆ ತಡವರಿಸಿದೊಡನೆ ಪಾಲಕರು ಹೆಚ್ಚು ‘ವೇಗ’ದ ಸಂಪರ್ಕಕ್ಕೆಂದು ತಿಂಗಳು ತಿಂಗಳೂ ಅಧಿಕ ಹಣ ತೆರುತ್ತಾರೆ; ತೊಂದರೆ ಮಾತ್ರ ಹಾಗೆಯೇ ಉಳಿಯುತ್ತದೆ. ಇಲ್ಲಿ ದಾರಿ ತಪ್ಪಿಸುವುದು ಆ ಶಬ್ದವೇ. ವೇಗವೆಂಬ ಹೆಸರಿನಲ್ಲಿ ಮಾರಾಟವಾಗುವುದು ಕಾಲುವೆಯ ಅಗಲ. ಆಟಕ್ಕೆ ಬೇಕಾದುದು ಸಂದೇಶವು ಹೋಗಿ ಮರಳುವ ಕಾಲದ ಅಲ್ಪತೆ. ಈ ಕಾಲವನ್ನೇ ಆಟಗಾರರು ‘ಪಿಂಗ್’ ಎನ್ನುವರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುವುದರಿಂದ, ಆಟದ ಸರ್ವರುಗಳು ಅನೇಕವಾಗಿ ನೆಲೆಸಿರುವ ಮುಂಬಯಿಗೆ, ಅಂದರೆ ಸುಮಾರು 500 ಕಿಲೋಮೀಟರು ದೂರಕ್ಕೆ, ಹೋಗಿಬರಲು ಅದಕ್ಕೆ 5 ಮಿಲಿಸೆಕೆಂಡು ಸಾಕು. ನಡುವಣ ಯಂತ್ರಗಳು ಇನ್ನಷ್ಟು ಕೂಡಿಸುತ್ತವೆ, ನಿಜ. ಆದರೆ ಮನೆಯೊಳಗಿನ ಹತ್ತು ಮಾರಿನಲ್ಲಿಯೇ 100 ಮಿಲಿಸೆಕೆಂಡು ನಷ್ಟವಾಗುವುದುಂಟು!

ಕಾರಣ ವೈ-ಫೈ. ಜಂಬಿಟ್ಟಿಗೆಯ ದಪ್ಪ ಗೋಡೆಗಳನ್ನು ದಾಟುವಾಗ 5 ಗಿಗಾಹರ್ಟ್ಸ್ ಅಲೆಗಳು ಸೊರಗುತ್ತವೆ, 2.4ರ ಅಲೆ ದಾಟಿದರೂ, ನಗರದ ಒತ್ತೊತ್ತಾದ ಮನೆಗಳಲ್ಲಿ ನೆರೆಯವರ ಅಲೆಗಳೊಡನೆ ಕಲೆಸಿಹೋಗುತ್ತದೆ. ಆದುದರಿಂದ ಮೊದಲು ರೂಟರಿನಿಂದ ಕನ್ಸೋಲಿಗೆ ನೇರವಾಗಿ ಲ್ಯಾನ್ ಕೇಬಲ್ ಎಳೆಯತಕ್ಕದ್ದು. 100 ಮೀಟರಿನವರೆಗೆ ಅದು ನಿರಾತಂಕವಾಗಿ ನಡೆಯುತ್ತದೆ. ಮನೆಯಲ್ಲಿ ಕುಳಿತು ಕೇಳುವ ಪಾಠಕ್ಕೂ ಇದೇ ಮದ್ದು.

ಆ ಮೇಲೆಯೂ ಗೆಳೆಯರೊಡನೆ ಕೂಡಿಕೊಳ್ಳಲಾಗದಿದ್ದರೆ ಕನ್ಸೋಲಿನ ಸಂಪರ್ಕ ಪರೀಕ್ಷೆಯಲ್ಲಿ ‘ನ್ಯಾಟ್’ ಬಗೆಯನ್ನು ನೋಡಬೇಕು. ಪ್ಲೇಸ್ಟೇಷನ್ನಿನಲ್ಲಿ 3 ಎಂದು ಬಂದರೆ ಹೊರಗಿನ ಕರೆಗೆ ಬಾಗಿಲು ಮುಚ್ಚಿದೆಯೆಂದರ್ಥ. ರೂಟರಿನಲ್ಲಿ ‘ಯುಪಿಎನ್‌ಪಿ’ಯನ್ನು ತೆರೆಯಬೇಕು, ಒಂದರ ಹಿಂದೊಂದು ಎರಡು ರೂಟರುಗಳಿದ್ದರೆ ಒಂದನ್ನು ‘ಬ್ರಿಜ್’ ಸ್ಥಿತಿಗೆ ತರಬೇಕು. ಸಂಪರ್ಕ ಕೊಡುವವರೇ ಹಲವು ಮನೆಗಳಿಗೆ ಒಂದೇ ವಿಳಾಸವನ್ನು ಹಂಚಿದ್ದರೆ ಇವೊಂದೂ ಫಲಿಸವು; ಆಗ ಪ್ರತ್ಯೇಕ ಸಾರ್ವಜನಿಕ ವಿಳಾಸವನ್ನು ಅವರಿಂದಲೇ ಕೇಳಿ ಪಡೆಯಬೇಕು.